ಉತ್ತರ ಚೀನಾದ ಹಳೇ ಬಂಗಾರ ನೋಡುವುದು ಹೇಗೆ? ಬೀದರ್, ಕಲಬುರಗಿ ಕಡೆಯವರಿಗೊಂದು ಕೈಪಿಡಿ

ಮ್ಯೂಸಿಯಮ್ಮಿನಲ್ಲಿ ಬಂಗಾರ ಕಂಡ ಕೂಡಲೇ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, ಇದು ಎಷ್ಟು ತೊಲಿ ಇರಬಹುದು ಅಂತ. ಎರಡನೆಯದು, ಇವತ್ತಿನ ರೇಟಿನಲ್ಲಿ ಎಷ್ಟಾಗುತ್ತದೆ. ತಪ್ಪೇನಿಲ್ಲ, ಸರಾಫ್ ಬಜಾರಿನಲ್ಲಿ ಓಡಾಡಿದವರ ಕಣ್ಣು ಹೋಗುವುದೇ ಅಲ್ಲಿಗೆ. ಆದರೆ ಉತ್ತರ ಚೀನಾದ ಪುರಾತನ ಬಂಗಾರದ ಪ್ರದರ್ಶನಕ್ಕೆ ಹೋಗಿ ಇದೇ ಲೆಕ್ಕ ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೇ ಬೇಜಾರಾಗುತ್ತದೆ. ಯಾಕಂದರೆ ಅಲ್ಲಿನ ಸಾಮಾನು ಬಹಳಷ್ಟು ಚಿಕ್ಕವು. ಅಂಗೈಯಷ್ಟು ಬಿಲ್ಲೆ, ಒಂದು ಜೊತೆ ಕಿವಿಯುಂಗುರ, ಕುದುರೆಯ ಲಗಾಮಿಗೆ ಹಾಕುತ್ತಿದ್ದ ಗುಂಡಿ. ತೂಕದ ಮಾತು ಬಂದರೆ ನಮ್ಮ ಮದುವೆ ಮನೆಯ ಒಡವೆ ಡಬ್ಬಿಯೇ ಜಾಸ್ತಿ ತೂಗುತ್ತದೆ.

ಇದನ್ನು ಬರೆಯುತ್ತಿರುವುದು ಎರಡು ತರಹದವರಿಗೆ. ಮಗನೋ ಮಗಳೋ ಅಮೆರಿಕ, ಲಂಡನ್, ಸಿಂಗಪುರದಲ್ಲಿದ್ದು, ಅಲ್ಲಿಗೆ ಹೋದಾಗ "ಬಾ ಅಮ್ಮ, ಮ್ಯೂಸಿಯಂ ತೋರಿಸ್ತೀನಿ" ಅಂತ ಕರೆದುಕೊಂಡು ಹೋಗಿ ಒಂದು ಗಾಜಿನ ಪೆಟ್ಟಿಗೆ ಮುಂದೆ ನಿಲ್ಲಿಸಿಬಿಡುತ್ತಾರಲ್ಲ, ಅಂಥವರಿಗೆ. ಇನ್ನೊಂದು, ಎಲ್ಲಿಗೂ ಹೋಗದೆ ಮನೆಯಲ್ಲೇ ಕೂತು ಫೋನಿನಲ್ಲಿ ನೋಡುವವರಿಗೆ. ಎರಡಕ್ಕೂ ತಯಾರಿ ಒಂದೇ. ಹೇಳಬೇಕಾದದ್ದೂ ಒಂದೇ ಮಾತು: ಬಂಗಾರವನ್ನು ಬಿಟ್ಟು ಅದರ ಮೇಲಿನ ಕೈಕೆಲಸ ನೋಡಿ. ಆ ವಿಷಯದಲ್ಲಿ ಬೀದರಿನವರ ಕಣ್ಣಿಗೆ ಬೇರೆಯವರಿಗಿಂತ ಜಾಸ್ತಿ ಕಾಣುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಕ್ಷೆ ತೆಗೆಯಿರಿ

ಹೋಗುವ ಮುಂಚಿನ ದಿನ ಫೋನಿನಲ್ಲಿ ಚೀನಾದ ನಕ್ಷೆ ತೆಗೆದು ಹಳದಿ ನದಿ ಹುಡುಕಿ. ಅದು ಉತ್ತರಕ್ಕೆ ಹೋಗಿ ದೊಡ್ಡದೊಂದು ತಿರುವು ಹೊಡೆದು ಮತ್ತೆ ದಕ್ಷಿಣಕ್ಕೆ ಇಳಿಯುತ್ತದೆ. ಆ ತಿರುವಿನ ಒಳಗಿರುವ ಜಾಗವೇ ಓರ್ಡೋಸ್. ಅದರ ಸುತ್ತ ಒಳ ಮಂಗೋಲಿಯಾ, ಪಶ್ಚಿಮಕ್ಕೆ ನಿಂಗ್‌ಶಿಯಾ, ಗಾನ್ಸು, ಪೂರ್ವಕ್ಕೆ ಹೆಬೈ, ಲಿಯಾವ್‌ನಿಂಗ್. ಈ ಐದಾರು ಹೆಸರು ನೆನಪಿದ್ದರೆ ಸಾಕು, ಪ್ರದರ್ಶನದ ಮುಕ್ಕಾಲು ಲೇಬಲ್ಲುಗಳಲ್ಲಿ ಬರುವುದು ಇವೇ.

ಈಗ ನಕ್ಷೆಯಲ್ಲೊಂದು ಅಡ್ಡಗೆರೆ ಇದೆ ಅಂದುಕೊಳ್ಳಿ. ಗೆರೆಯ ಕೆಳಗೆ ಹೊಲ ಮಾಡುವವರು, ಊರು ಕಟ್ಟಿಕೊಂಡವರು. ಮೇಲೆ ಹುಲ್ಲುಗಾವಲು, ಕುದುರೆ, ಕುರಿ, ಡೇರೆ. ಕೆಳಗಿನ ಹಳೆಯ ಅರಸರಿಗೆ ಬಂಗಾರದ ಮೇಲೆ ಅಂಥ ಮೋಹ ಇರಲಿಲ್ಲ. ಅವರ ದೊಡ್ಡಸ್ತಿಕೆ ಇದ್ದದ್ದು ಕಂಚಿನ ಪಾತ್ರೆಯಲ್ಲಿ, ಜೇಡ್ ಕಲ್ಲಿನಲ್ಲಿ. ಮೈಮೇಲೆ ಬಂಗಾರ ಹಾಕಿಕೊಳ್ಳುವ ಖಯಾಲಿ ಹೆಚ್ಚಾಗಿ ಬಂದದ್ದು ಉತ್ತರದ, ಪಶ್ಚಿಮದ ಕುದುರೆ ಜನರ ಕಡೆಯಿಂದ. ಬೀಜಿಂಗ್ ಹತ್ತಿರದ ಪಿಂಗ್‌ಗು ಎಂಬಲ್ಲಿ 1977ರಲ್ಲಿ ಶಾಂಗ್ ಅರಸರ ಕಾಲದ, ಅಂದರೆ ಮೂರು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿಯೊಂದು ಸಿಕ್ಕಿತು. ಅದರಲ್ಲಿ ಬಂಗಾರದ ತೋಳುಬಳೆ, ತಲೆಗೂದಲಿನ ಪಿನ್ನು, ತುದಿ ಕಹಳೆಯ ಹಾಗೆ ಅಗಲವಾದ ಒಂದು ಕಿವಿಯುಂಗುರ ಇದ್ದವು. ಆ ನಮೂನೆ ಕಿವಿಯುಂಗುರ ಉತ್ತರದವರದು. ಹಾಗಾಗಿ ಚೀನಾದಲ್ಲಿ ಬಂಗಾರದ ಹಳೇ ಕತೆ ಬೇಕೆಂದರೆ ಉತ್ತರದ ಗಡಿಗೇ ಬರಬೇಕು. ಇಂಥ ಪ್ರದರ್ಶನಗಳು ಆಗುವುದೂ ಅದಕ್ಕೇ.

ಒಂದು ಎಚ್ಚರಿಕೆ. ವಾಟ್ಸಾಪಿನಲ್ಲಿ ದೊಡ್ಡ ಕಿವಿಯ, ಚೂಪು ಕಣ್ಣಿನ ಬಂಗಾರದ ಮುಖವಾಡದ ಫೋಟೋ ಬರುತ್ತಿರುತ್ತದಲ್ಲ, ಅದು ಸಾನ್‌ಶಿಂಗ್‌ತ್ವೆಯದು. ಅದು ಇರುವುದು ಸಿಚುವಾನ್‌ನಲ್ಲಿ, ಅಂದರೆ ನೈರುತ್ಯ ಚೀನಾ. ಜನ ಬೇರೆ, ಕತೆ ಬೇರೆ. ಅದನ್ನು ಇಲ್ಲಿ ಹುಡುಕಬೇಡಿ.

ರಾಜವಂಶದ ಹೆಸರು ಬಾಯಿಪಾಠ ಮಾಡಬೇಡಿ

ಹಾನ್, ವೈ, ಟಾಂಗ್, ಲಿಯಾವ್, ಜಿನ್, ಯುವಾನ್ ಅಂತ ಸಾಲು ಸಾಲಾಗಿ ಓದಿದರೆ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ. ನಮ್ಮ ಜಿಲ್ಲೆಗಳ ಇತಿಹಾಸವನ್ನು ಪಕ್ಕದಲ್ಲಿಟ್ಟುಕೊಳ್ಳಿ, ಎಲ್ಲ ತಾನಾಗಿಯೇ ಕೂರುತ್ತದೆ. ಈ ಪದ್ಧತಿ ನಾನು ಎಲ್ಲರಿಗೂ ಹೇಳುತ್ತೇನೆ, ಶಾಲೆ ಹುಡುಗರಿಗಂತೂ ಬಹಳ ಹಿಡಿಸುತ್ತದೆ.

ಅಶೋಕ ಇದ್ದದ್ದು ಕ್ರಿ.ಪೂ. 3ನೇ ಶತಮಾನದಲ್ಲಿ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಪಕ್ಕ, ಕನಗನಹಳ್ಳಿಯ ಸ್ತೂಪದಲ್ಲಿ "ರಾಯೊ ಅಸೋಕೊ" ಎಂದು ಹೆಸರು ಕೊರೆದ ಶಿಲ್ಪ ಸಿಕ್ಕಿದೆ ಅಲ್ವಾ, ಅದೇ ಅಶೋಕ. ಶಿಲ್ಪ ಕಡೆದದ್ದು ಅವನ ನಂತರ. ಅದೇ 3ನೇ ಶತಮಾನದಲ್ಲಿ, ಕ್ರಿ.ಪೂ. 221ಕ್ಕೆ, ಚಿನ್ ಅರಸ ಚೀನಾವನ್ನು ಒಂದು ಮಾಡಿದ. ಉತ್ತರದ ಹುಲ್ಲುಗಾವಲಿನಲ್ಲಿ ಆಗ ಜೋರಾಗಿ ಬೆಳೆಯುತ್ತಿದ್ದವರು ಶಿಯೋಂಗ್ನು ಜನ. ಪ್ರಾಣಿಗಳು ಕಚ್ಚಾಡುವ ಬೆಲ್ಟಿನ ಬಿಲ್ಲೆಗಳು ಬಹಳಷ್ಟು ಈ ಕಾಲದ ಆಸುಪಾಸಿನವು.

ಮಳಖೇಡದಲ್ಲಿ ಅಮೋಘವರ್ಷ ಆಳಿದ್ದು 814ರಿಂದ 878ರವರೆಗೆ. ಟಾಂಗ್ ಅರಸರ ರಾಜಧಾನಿಯಾಗಿದ್ದ ಶಿಆನ್ ಹತ್ತಿರದ ಫಾಮೆನ್ ದೇವಾಲಯದ ನೆಲಮಾಳಿಗೆಯಲ್ಲಿ ಬಂಗಾರ ಬೆಳ್ಳಿ ಪಾತ್ರೆಗಳನ್ನೆಲ್ಲ ಇಟ್ಟು ಮುಚ್ಚಿದ್ದು 874ರಲ್ಲಿ. ಟಾಂಗ್ ಅಂದಾಗ ಮಳಖೇಡದ ರಾಷ್ಟ್ರಕೂಟರನ್ನು ನೆನೆಸಿಕೊಳ್ಳಿ.

ಲಿಯಾವ್ ಅಂದರೆ ಖಿತಾನ್ ಜನರ ರಾಜ್ಯ, 907ರಿಂದ 1125. ನಮ್ಮಲ್ಲಿ ಕಲ್ಯಾಣದ ಚಾಲುಕ್ಯರು 973ಕ್ಕೆ ಶುರುವಾಗುತ್ತಾರೆ. ಲಿಯಾವ್ ಬಂಗಾರದಲ್ಲಿ ಎಲ್ಲರಿಗಿಂತ ಹೆಸರು ಮಾಡಿದ ಚೆನ್ ರಾಜಕುಮಾರಿ ತೀರಿಕೊಂಡದ್ದು 1018ರಲ್ಲಿ. ಆಗ ಇಲ್ಲಿ ಇಮ್ಮಡಿ ಜಯಸಿಂಹ ಆಳುತ್ತಿದ್ದ, ರಾಜಧಾನಿ ಇನ್ನೂ ಬಸವಕಲ್ಯಾಣಕ್ಕೆ ಹೋಗಿರಲಿಲ್ಲ. ಬಸವಣ್ಣನವರ ಕಾಲಕ್ಕೆ ಅಲ್ಲಿ ಜಿನ್ ವಂಶ. ಇನ್ನು 1347ಕ್ಕೆ ಕಲಬುರಗಿಯಲ್ಲಿ ಬಹಮನಿಗಳು ರಾಜ್ಯ ಕಟ್ಟಿದಾಗ ಅಲ್ಲಿ ಮಂಗೋಲರ ಯುವಾನ್ ವಂಶದ ಕೊನೇ ದಿನಗಳು, 1368ಕ್ಕೆ ಅದು ಮುಗಿಯಿತು. ಇಷ್ಟು ಸಾಕು.

ಹೋಗುವ ಮುಂಚೆ ಬೀದರಿನಲ್ಲಿ ಒಂದು ದಿನ

ಈ ಭಾಗ ಬಿಡಬೇಡಿ. ಬೀದರ್ ಹಳೇ ಊರಿನಲ್ಲಿ, ಚೌಬಾರದ ಸುತ್ತಮುತ್ತ, ಬಿದರಿ ಕೆಲಸದ ಅಂಗಡಿಗಳಿವೆ. ಯಾವುದಾದರೂ ಒಂದರ ಮುಂದೆ ನಿಂತು "ಕೆಲಸ ಮಾಡೋದು ನೋಡಬಹುದಾ ಅಣ್ಣಾ" ಅಂತ ಕೇಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಏನಾದರೂ ಚಿಕ್ಕದೊಂದು ಕೊಂಡರೆ ಇನ್ನೂ ಚೆನ್ನ, ಅವರ ಹೊತ್ತಿಗೂ ಬೆಲೆ ಇದೆ.

ಅಲ್ಲಿ ಗಮನಿಸಬೇಕಾದದ್ದು ಇದು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಆಗ ಗೀಚಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಉಳಿಯಿಂದ ಸಣ್ಣ ತೋಡು ಕೊರೆದು ಅದರೊಳಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ತಂತಿ ಕೂರಿಸಿದರೆ ತಾರ್‌ಕಶಿ, ತಗಡು ಕತ್ತರಿಸಿ ಕೂರಿಸಿದರೆ ತೆಹ್‌ನಿಶಾನ್. ಕೊನೆಗೆ ಬಿಸಿ ಮಾಡಿ, ಕೋಟೆಯ ಹಳೇ ಮಣ್ಣಿಗೆ ನವಸಾಗರ ಕಲಸಿ ತಿಕ್ಕಿದರೆ ಸತುವಿನ ಮೈ ಕಪ್ಪಾಗಿಬಿಡುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ತಂತಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಎರಡು ತಂತಿ ಸೇರುವ ಜಾಗ ಹೇಗಿದೆ, ಕೈಯಾಡಿಸಿದರೆ ಏರುತಗ್ಗು ಸಿಗುತ್ತದಾ, ಇದನ್ನು ನಿಧಾನಕ್ಕೆ ನೋಡಿ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಅಲ್ಲಿಂದ ಕೋಟೆಗೆ ಹೋಗಿ ರಂಗೀನ್ ಮಹಲ್ ನೋಡಿ. ಕರಿ ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ. ಬೀಗ ಹಾಕಿದ್ದರೆ ಕೋಟೆಯೊಳಗೇ ಇರುವ ಪುರಾತತ್ವ ಇಲಾಖೆಯವರನ್ನು ಕೇಳಿ. ಒಂದು ವಸ್ತುವಿನೊಳಗೆ ಇನ್ನೊಂದನ್ನು ಕೂರಿಸುವುದು ಅಂದರೆ ಏನು ಅಂತ ಇಷ್ಟರಲ್ಲಿ ಕಣ್ಣಿಗೆ ಅಭ್ಯಾಸ ಆಗಿರುತ್ತದೆ. ಇದರ ಮುಂದೆ ಪುಸ್ತಕ ಓದುವುದು ಸುಮ್ನೆ.

ಯಾದಗಿರಿ, ಸುರಪುರ ಕಡೆಯವರಿಗೆ ಬೀದರ್ ದೂರ ಆಗುತ್ತದೆ. ಅವರು ತಮ್ಮೂರಿನ ಪತ್ತಾರರ ಅಂಗಡಿಯಲ್ಲೇ ಒಂದು ಗಂಟೆ ಕೂತರೂ ನಡೆಯುತ್ತದೆ. ಬಂಗಾರದ ಸಣ್ಣ ಕಾಳು ಅಂಟಿಸುವ ರವೆ ಕೆಲಸ ಯಾವುದು, ತಗಡಿನ ಹಿಂದಿನಿಂದ ಬಡಿದು ಉಬ್ಬಿಸುವುದು ಹೇಗೆ, ಬೆಸುಗೆ ಎಲ್ಲಿ ಹಾಕುತ್ತಾರೆ, ಇಷ್ಟು ಕೇಳಿಕೊಳ್ಳಿ.

ಪ್ರದರ್ಶನದ ಒಳಗೆ: ಮೊದಲು ಬೆಲ್ಟು

ಒಳಗೆ ಹೋದ ಕೂಡಲೇ ಕಿರೀಟ, ಮುಖವಾಡದ ಮುಂದೆ ಗುಂಪು ನಿಂತಿರುತ್ತದೆ. ಅದನ್ನು ಬಿಟ್ಟು ಬೆಲ್ಟಿನ ಬಿಲ್ಲೆಗಳ ಪೆಟ್ಟಿಗೆಗೆ ಹೋಗಿ. ಕುದುರೆ ಮೇಲೆ ಬದುಕುವವರಿಗೆ ಗೋಡೆ ಇಲ್ಲ, ಕಪಾಟಿಲ್ಲ. ಇದ್ದದ್ದನ್ನೆಲ್ಲ ಮೈಮೇಲೆ, ಕುದುರೆ ಮೇಲೆ ಹೊತ್ತುಕೊಂಡೇ ಹೋಗಬೇಕು. ಹಾಗಾಗಿ ಅವರ ಬಂಗಾರ ಅಂದರೆ ಬೆಲ್ಟು, ಲಗಾಮು, ಕಿವಿ, ಟೊಪ್ಪಿಗೆ. ಬೆಲ್ಟು ನೋಡಿದರೆ ಆಳು ಎಷ್ಟು ದೊಡ್ಡವನು ಅಂತ ಎದುರಿನವನಿಗೆ ಗೊತ್ತಾಗಬೇಕು.

ಬಿಲ್ಲೆಯ ಮೇಲೆ ಹುಲಿ ಕಾಡುಹಂದಿಯನ್ನು ಕಚ್ಚುತ್ತಿರುತ್ತದೆ, ತೋಳ ಟಗರಿನ ಮೇಲೆ ಬಿದ್ದಿರುತ್ತದೆ. ಮೊದಲ ನೋಟಕ್ಕೆ ಬರೀ ಸುರುಳಿ ಸುರುಳಿಯಾಗಿ ಕಾಣುತ್ತದೆ, ಏನೂ ಅರ್ಥವಾಗುವುದಿಲ್ಲ. ಉಪಾಯ ಇದು: ಮೊದಲು ಕಣ್ಣು ಹುಡುಕಿ. ಕಣ್ಣು ಸಿಕ್ಕರೆ ಬಾಯಿ ಸಿಗುತ್ತದೆ, ಬಾಯಿ ಸಿಕ್ಕರೆ ಅದರಲ್ಲಿ ಸಿಕ್ಕಿಬಿದ್ದಿರುವ ಪ್ರಾಣಿ. ಆಮೇಲೆ ಆ ಪ್ರಾಣಿಯ ಹಿಂಗಾಲು ನೋಡಿ. ಮುಂಭಾಗ ನೆಲದ ಕಡೆ ಇದ್ದರೆ ಹಿಂಭಾಗ ಪೂರ್ತಿ ತಿರುಚಿ ಮೇಲಕ್ಕೆ ಹೋಗಿರುತ್ತದೆ. ಇದು ಈ ಜನರ ಸಹಿ ಇದ್ದ ಹಾಗೆ, ಓರ್ಡೋಸ್‌ನಿಂದ ಹಿಡಿದು ದೂರದ ಸೈಬೀರಿಯಾದವರೆಗೆ ಕಾಣುತ್ತದೆ.

ಈಗ ಹಿಂಭಾಗ. ಒಳ್ಳೆಯ ಪ್ರದರ್ಶನದಲ್ಲಿ ಬಿಲ್ಲೆಯ ಕೆಳಗೆ ಕನ್ನಡಿ ಇಟ್ಟಿರುತ್ತಾರೆ, ಇಲ್ಲದಿದ್ದರೆ ಹಿಂಬದಿಯ ಫೋಟೋ ಗೋಡೆ ಮೇಲೆ ಹಾಕಿರುತ್ತಾರೆ. ಕೆಲವು ಬಿಲ್ಲೆಗಳ ಹಿಂದೆ ಬಟ್ಟೆಯ ನೇಯ್ಗೆಯ ಗುರುತು ಇರುತ್ತದೆ. ಮೇಣದ ಮಾದರಿ ತೆಳ್ಳಗಿದ್ದು ಮುರಿಯಬಾರದು ಅಂತ ಹಿಂದೆ ಬಟ್ಟೆ ಆನಿಸಿದ್ದು, ಎರಕ ಹೊಯ್ದಾಗ ಮೇಣವೂ ಬಟ್ಟೆಯೂ ಸುಟ್ಟುಹೋಗಿ ಎಳೆ ಎಳೆಯೂ ಬಂಗಾರದಲ್ಲಿ ಅಚ್ಚಾಗಿ ಉಳಿದಿದೆ. ಎರಡು ಸಾವಿರ ವರ್ಷದ ಹಿಂದಿನ ಬಟ್ಟೆ ಮಣ್ಣಾಗಿ ಹೋದರೂ ಅದರ ನೇಯ್ಗೆ ಇದೆ. ಮುಂದಿನ ಹುಲಿಗಿಂತ ನನಗೆ ಇದೇ ಹೆಚ್ಚು ಇಷ್ಟ.

ತೊಲಿ ಲೆಕ್ಕದವರಿಗೂ ಒಂದು ಸಮಾಧಾನ ಇದೆ. ಓರ್ಡೋಸ್‌ನ ಶಿಗೋಪಾನ್ ಎಂಬಲ್ಲಿ 1979ರಲ್ಲಿ ಒಂದು ಸಮಾಧಿಯಲ್ಲಿ ಹುಲಿ-ಹಂದಿಯ ಬಂಗಾರದ ಬಿಲ್ಲೆಗಳ ಜೋಡಿ ಸಿಕ್ಕಿತು. ಅದರ ಹಿಂದೆ ಚೀನೀ ಅಕ್ಷರದಲ್ಲಿ ತೂಕ ಕೆತ್ತಿದ್ದಾರೆ! ಒಂದರ ಮೇಲೆ ಒಂದು ಜಿನ್ ಐದು ಲಿಯಾಂಗ್ ಚಿಲ್ಲರೆ ಅಂತ ಇದೆ. ಆಗಿನ ಒಂದು ಜಿನ್ ಅಂದರೆ ಸುಮಾರು 250 ಗ್ರಾಂ, ಹದಿನಾರು ಲಿಯಾಂಗಿಗೆ ಒಂದು ಜಿನ್. ತೂಕಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಹುಲ್ಲುಗಾವಲಿನ ಒಡೆಯ ಹಾಕಿಕೊಳ್ಳುವ ಬೆಲ್ಟಿನ ಮೇಲೆ ಚೀನೀ ಅಕ್ಷರ ಯಾಕೆ ಬಂತು? ಗೆರೆಯ ಕೆಳಗಿನ ಅಕ್ಕಸಾಲಿಗರು ಗೆರೆಯ ಮೇಲಿನ ಗಿರಾಕಿಗೆ ಅವರ ರುಚಿಗೆ ತಕ್ಕ ಹಾಗೆ ಮಾಡಿಕೊಡುತ್ತಿದ್ದರು. ಒಂದು ಕಡೆ ಯುದ್ಧ, ಇನ್ನೊಂದು ಕಡೆ ವ್ಯಾಪಾರ. ಹಾಗಾಗಿ "ಅಲೆಮಾರಿಗಳ ಕಲೆ" ಅಂತ ಲೇಬಲ್ಲಿನಲ್ಲಿ ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ, ಮಾಡಿದವರು ಯಾರು, ಹಾಕಿಕೊಂಡವರು ಯಾರು ಅಂತ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ.

ಅಲ್ಲಾಡುವ ಬಂಗಾರ

ಗಾಜಿನ ಪೆಟ್ಟಿಗೆಯಲ್ಲಿ ಎಲ್ಲ ಸ್ತಬ್ಧವಾಗಿರುತ್ತದೆ. ಆದರೆ ಇವುಗಳಲ್ಲಿ ಬಹಳಷ್ಟು ಅಲ್ಲಾಡಲೆಂದೇ ಮಾಡಿದವು. ಶಿಯೋಂಗ್ನುಗಳ ನಂತರ ಹುಲ್ಲುಗಾವಲಿನಲ್ಲಿ ಬಲಿತ ಶಿಯಾನ್‌ಬೈ ಜನರ ತಲೆಯ ಆಭರಣ ನೋಡಿ. ಒಳ ಮಂಗೋಲಿಯಾದಲ್ಲಿ 1981ರಲ್ಲಿ ಸಿಕ್ಕ ಬಂಗಾರದ ಪ್ರಾಣಿ ಮುಖಗಳಿವೆ, ಒಂದಕ್ಕೆ ಸಾರಂಗದ ಮುಖ, ಕೊಂಬು ಮರದ ಕೊಂಬೆಯ ಹಾಗೆ ಕವಲೊಡೆದು ಮೇಲೆ ಹೋಗಿದೆ, ಪ್ರತಿ ಕವಲಿಗೆ ಒಂದು ಬಳೆಯಲ್ಲಿ ತೆಳ್ಳನೆಯ ಬಂಗಾರದ ಎಲೆ ನೇತಾಡುತ್ತದೆ. ಹಾಕಿಕೊಂಡವರು ಹೆಜ್ಜೆ ಇಟ್ಟರೆ ಎಲ್ಲ ಎಲೆಯೂ ಒಟ್ಟಿಗೆ ನಡುಗಿ ಮಿನುಗಬೇಕು. ಬಳೆ ಎಷ್ಟು ಸಡಿಲ ಇದೆ ನೋಡಿ. ಬೆಸುಗೆ ಹಾಕಿ ಬಿಗಿ ಮಾಡಿಲ್ಲ, ಅದು ಬೇಕಂತಲೇ.

ಓರ್ಡೋಸ್‌ನ ಆಲುಚಾಯ್‌ದೆಂಗ್‌ನಲ್ಲಿ 1972ರಲ್ಲಿ ಸಿಕ್ಕ ಗಿಡುಗದ ಕಿರೀಟದ್ದೂ ಇದೇ ಕತೆ. ಅದೊಂದೇ ಜಾಗದಲ್ಲಿ ಇನ್ನೂರಕ್ಕೂ ಹೆಚ್ಚು ಬಂಗಾರದ ವಸ್ತು ಸಿಕ್ಕವು. ಅರ್ಧಗೋಳದ ಮೇಲೆ ತೋಳ ಟಗರು, ಅದರ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿ ನಿಂತ ಗಿಡುಗ. ಗಿಡುಗದ ತಲೆ, ಕುತ್ತಿಗೆ ಫಿರೋಜಾ ಕಲ್ಲಿನದು. ತಲೆ ಮತ್ತು ಬಾಲವನ್ನು ಬಂಗಾರದ ತಂತಿಯಿಂದ ಪೋಣಿಸಿದ್ದಾರೆ, ತಲೆ ಅಲ್ಲಾಡಿಸಿದರೆ ಹಕ್ಕಿಯೂ ಅಲ್ಲಾಡುತ್ತಿತ್ತು. ಇದು ಎದುರಿಗಿದ್ದರೆ ಪಕ್ಕಕ್ಕೆ ಸರಿದು ಕುತ್ತಿಗೆಯ ಸಂದು ನೋಡಿ.

ಬೀದರಿನವರ ಕಣ್ಣು ಕೆಲಸಕ್ಕೆ ಬರುವುದು ಇಲ್ಲಿ

ಹೆಬೈ ಪ್ರಾಂತ್ಯದಲ್ಲಿ ಕ್ರಿ.ಪೂ. 4ನೇ ಶತಮಾನದಲ್ಲಿ ಜೊಂಗ್‌ಶಾನ್ ಎಂಬ ಚಿಕ್ಕ ರಾಜ್ಯ ಇತ್ತು. ಕಟ್ಟಿದವರು ಉತ್ತರದಿಂದ ಬಂದ ಜನ. ಅದರ ಅರಸನ ಸಮಾಧಿಯನ್ನು 1970ರ ದಶಕದಲ್ಲಿ ಅಗೆದಾಗ ಜಿಂಕೆ ನುಂಗುತ್ತಿರುವ ಹುಲಿಯೊಂದು ಸಿಕ್ಕಿತು. ಅದು ಪರದೆ ನಿಲ್ಲಿಸುವ ಪೀಠ. ಮೈ ಕಂಚು, ಪಟ್ಟೆಗಳೆಲ್ಲ ಬಂಗಾರ ಬೆಳ್ಳಿ ಕೂರಿಸಿದ ಕೆಲಸ. ವಿಷಯ ಅದೇ ಹುಲ್ಲುಗಾವಲಿನ ಕಚ್ಚಾಟ, ಕೈಕೆಲಸ ಮಾತ್ರ ಪೂರ್ತಿ ಊರಿನದು. ಹುಲಿಯ ಒಂದು ಮುಂಗಾಲು ಜಿಂಕೆಯನ್ನು ಹಿಡಿದುಕೊಂಡು ಮೇಲೆತ್ತಿದೆ, ಆ ಕಡೆಯ ಭಾರ ಹೊರುವುದು ಜಿಂಕೆಯ ಕಾಲು. ಎಂಥ ಬುದ್ಧಿ ನೋಡಿ.

ಅದೇ ಹೆಬೈಯ ಮಾನ್‌ಚೆಂಗ್‌ನಲ್ಲಿ 1968ರಲ್ಲಿ ಹಾನ್ ರಾಜಕುಮಾರ ಲಿಯು ಶೆಂಗ್‌ನ ಸಮಾಧಿ ಸಿಕ್ಕಿತು. ಅವನು ತೀರಿದ್ದು ಕ್ರಿ.ಪೂ. 113ರಲ್ಲಿ. ಜನಕ್ಕೆ ಗೊತ್ತಿರುವುದು ಅವನ ಜೇಡ್ ಕವಚ, 2,498 ಜೇಡ್ ತುಂಡುಗಳನ್ನು ಸುಮಾರು 1,100 ಗ್ರಾಂ ಬಂಗಾರದ ತಂತಿಯಲ್ಲಿ ಹೊಲಿದದ್ದು. ಸರಿ, ಅದನ್ನೂ ನೋಡಿ. ಆದರೆ ಅಲ್ಲೇ ಸಿಕ್ಕ ಬೆಟ್ಟದ ಆಕಾರದ ಧೂಪದಾನಿಯ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಕಂಚಿನ ಮೇಲೆ ಬಂಗಾರದ ಗೆರೆಗಳು ಅಲೆಯ ಹಾಗೆ ಹರಿಯುತ್ತವೆ, ಕೆಲವು ಕಡೆ ದಪ್ಪ, ಕೆಲವು ಕಡೆ ಕೂದಲಿನಷ್ಟು ಸಣ್ಣ. ತಾರ್‌ಕಶಿ ನೋಡಿ ಬಂದವರಿಗೆ ಆ ದಪ್ಪ ಸಣ್ಣ ಆಗುವ ಜಾಗ ಎಷ್ಟು ಕಷ್ಟದ್ದು ಅಂತ ತಕ್ಷಣ ತಿಳಿಯುತ್ತದೆ. ಉಳಿದವರು ಅಲ್ಲಿ ಚಂದ ಇದೆ ಅಂತ ಹೇಳಿ ಮುಂದೆ ಹೋಗುತ್ತಾರೆ.

ಕೂರಿಸಿದ ಬಂಗಾರ, ಗಿಲೀಟು, ಗಟ್ಟಿ ಬಂಗಾರ, ಈ ಮೂರನ್ನು ಬೇರೆ ಮಾಡುವುದು ಕಲಿತರೆ ಅರ್ಧ ಪ್ರದರ್ಶನ ಕೈಗೆ ಬಂದ ಹಾಗೆ. ಗಿಲೀಟಿಗೆ ಆಗ ಬಂಗಾರವನ್ನು ಪಾದರಸದಲ್ಲಿ ಕಲಸಿ, ಕಂಚಿನ ಅಥವಾ ಬೆಳ್ಳಿಯ ಮೇಲೆ ಸವರಿ, ಕೆಂಡದ ಮೇಲೆ ಹಿಡಿಯುತ್ತಿದ್ದರು. ಪಾದರಸ ಹಾರಿಹೋಗಿ ಬಂಗಾರ ಅಂಟಿಕೊಳ್ಳುತ್ತದೆ. ಆ ಹೊಗೆ ವಿಷ, ಮಾಡಿದವರ ಆರೋಗ್ಯ ಏನಾಗಿರಬೇಡ. ಗುರುತು ಹಿಡಿಯುವುದು ಸುಲಭ: ಮೂಗು, ಮೊಣಕೈ, ಅಂಚು, ಹೀಗೆ ಎದ್ದಿರುವ ಜಾಗಗಳಲ್ಲಿ ಸವೆದಿರುತ್ತದೆ. ಅಲ್ಲಿ ಹಸಿರು ಕಂಡರೆ ಒಳಗೆ ಕಂಚು, ಕಪ್ಪು ಕಂಡರೆ ಒಳಗೆ ಬೆಳ್ಳಿ. ಅಪ್ಪಟ ಬಂಗಾರಕ್ಕೆ ಎರಡೂ ಬರುವುದಿಲ್ಲ, ಮಣ್ಣಲ್ಲಿ ಎರಡು ಸಾವಿರ ವರ್ಷ ಇದ್ದರೂ ಹೊಳೆಯುತ್ತದೆ. ಮಾನ್‌ಚೆಂಗ್‌ನಲ್ಲೇ ಲಿಯು ಶೆಂಗ್‌ನ ಹೆಂಡತಿಯ ಸಮಾಧಿಯಿಂದ ಬಂದ ದೀಪ ಗಿಲೀಟಿನ ಕೆಲಸಕ್ಕೆ ದೊಡ್ಡ ಹೆಸರು. ದೀಪ ಹಿಡಿದು ಕೂತ ಅರಮನೆಯ ಹುಡುಗಿ, ದೀಪದ ಹೊಗೆ ಅವಳ ತೋಳಿನ ಮೂಲಕ ಒಳಗೆ ಹೋಗುತ್ತದೆ, ಕೋಣೆಗೆ ಮಸಿ ಆಗುವುದಿಲ್ಲ.

ಮುಖವಾಡಕ್ಕಿಂತ ಅಂಬರ್

ಲಿಯಾವ್ ಕೋಣೆಗೆ ಬಂದಾಗ ಚೆನ್ ರಾಜಕುಮಾರಿಯ ಹೆಸರು ಕೇಳಿಯೇ ಕೇಳುತ್ತೀರಿ. ಒಳ ಮಂಗೋಲಿಯಾದ ನೈಮಾನ್‌ನಲ್ಲಿ 1986ರಲ್ಲಿ ಅವಳ ಸಮಾಧಿ ಅಗೆದರು, ಕಳ್ಳರ ಕೈ ಬಿದ್ದಿರಲಿಲ್ಲ. ತೀರಿಕೊಂಡಾಗ ಅವಳಿಗೆ 18 ವರ್ಷ, ಪಕ್ಕದಲ್ಲಿ ಗಂಡ. ಮುಖದ ಮೇಲೆ ಬಂಗಾರದ ತಗಡಿನ ಮುಖವಾಡ, ಮೈತುಂಬ ಬೆಳ್ಳಿ ತಂತಿಯಿಂದ ಹೆಣೆದ ಬಲೆ, ಗಿಲೀಟು ಮಾಡಿದ ಬೆಳ್ಳಿಯ ಕಿರೀಟ, ಬೂಟು. ಮುಖವಾಡ ಪೋಸ್ಟರಿನಲ್ಲಿ ಇರುತ್ತದೆ, ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಅವಳ ಅಂಬರ್ ಹಾರಗಳು ಹೆಚ್ಚು ಹೇಳುತ್ತವೆ. ಅಂಬರ್ ಅಂದರೆ ಪುರಾತನ ಮರದ ಅಂಟು ಕಲ್ಲಿನಂತೆ ಗಟ್ಟಿಯಾದದ್ದು. ಆ ಅಂಬರ್ ಬಾಲ್ಟಿಕ್ ಸಮುದ್ರದ ಕಡೆಯದು ಅಂತ ಪರೀಕ್ಷೆಯಲ್ಲಿ ತಿಳಿದಿದೆ, ಅಂದರೆ ಯುರೋಪಿನ ಉತ್ತರ ಭಾಗ. ಅದೇ ಸಮಾಧಿಯಲ್ಲಿ ಮುಸ್ಲಿಂ ದೇಶಗಳ ಕಡೆಯ ಗಾಜಿನ ಪಾತ್ರೆಗಳೂ ಇದ್ದವು. ಹದಿನೆಂಟರ ಹುಡುಗಿಯ ಮೈಮೇಲೆ ಅರ್ಧ ಭೂಗೋಳ.

ಹಾಗಾಗಿ ಬಂಗಾರದ ಕೋಣೆಯಲ್ಲಿ ಬಂಗಾರ ಅಲ್ಲದ್ದನ್ನು ಬಿಡಬೇಡಿ. ಲಿಯಾವ್‌ನಿಂಗ್‌ನಲ್ಲಿ 1965ರಲ್ಲಿ ಅಗೆದ ಫೆಂಗ್ ಸುಫು ಎಂಬವನ ಸಮಾಧಿಯಲ್ಲಿ, ಅವನು ತೀರಿದ್ದು 415ರಲ್ಲಿ, ಬುದ್ಧನ ಚಿತ್ರ ಇರುವ ಬಂಗಾರದ ಟೊಪ್ಪಿಗೆ ಬಿಲ್ಲೆ ಇತ್ತು. ಜೊತೆಗೆ ಬಾತುಕೋಳಿ ಆಕಾರದ ರೋಮನ್ ಗಾಜು. ನಿಂಗ್‌ಶಿಯಾದ ಗುಯುವಾನ್‌ನಲ್ಲಿ 1983ರಲ್ಲಿ ಸಿಕ್ಕ ಲಿ ಶಿಯಾನ್‌ನ ಸಮಾಧಿಯಲ್ಲಿ, ಇದು 569ರದು, ಗಿಲೀಟಿನ ಬೆಳ್ಳಿ ಹೂಜಿಯ ಮೇಲೆ ಗ್ರೀಕ್ ಕತೆಯ ಚಿತ್ರ. ಶಿಆನ್‌ನ ಹೆಜಿಯಾ ಗ್ರಾಮದಲ್ಲಿ 1970ರಲ್ಲಿ ಮಣ್ಣಿನ ದೊಡ್ಡ ಗಡಿಗೆಗಳಲ್ಲಿ ಸಾವಿರಕ್ಕೂ ಹೆಚ್ಚು ವಸ್ತು ಸಿಕ್ಕವು. ಅದರಲ್ಲಿ ಬೈಜಾಂಟಿಯಂ, ಪರ್ಷಿಯಾ, ಜಪಾನ್ ಮೂರೂ ಕಡೆಯ ನಾಣ್ಯ ಇದ್ದವು. ಗಿಲಾನ್‌ನಿಂದ ಬಂದ ವ್ಯಾಪಾರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಿ ಬೆಳೆದವರಿಗೆ ಇದೇನು ಹೊಸದಲ್ಲ, ದೂರದ ಸಾಮಾನು, ದೂರದ ಜನ ಒಂದೂರಿಗೆ ಬರುವುದು ನಮಗೆ ಗೊತ್ತಿರುವ ಸಂಗತಿಯೇ.

ಲೇಬಲ್ ಓದುವ ಕ್ರಮ

ಲೇಬಲ್ಲಿನಲ್ಲಿ ಹೆಸರು ಬಿಟ್ಟು ಮೊದಲು ಮೂರು ಸಂಗತಿ ಹುಡುಕಿ: ಯಾವ ಲೋಹ, ಎಲ್ಲಿ ಸಿಕ್ಕಿತು, ಯಾವ ವರ್ಷ ಅಗೆದರು. ಅಗೆದ ಜಾಗ ಬರೆದಿದ್ದರೆ ಆ ವಸ್ತುವಿನ ಮಾತು ಗಟ್ಟಿ. ಜಾಗವೇ ಇಲ್ಲದೆ ಬರೀ "ಉತ್ತರ ಚೀನಾ" ಅಂತಷ್ಟೇ ಇದ್ದರೆ ಅದು ಯಾರೋ ಕೊಂಡು ದಾನ ಕೊಟ್ಟದ್ದಿರಬಹುದು, ಎಲ್ಲಿಂದ ಬಂತೆಂದು ಹೇಳುವುದು ಕಷ್ಟ. ಯುರೋಪ್ ಅಮೆರಿಕದ ಹಳೇ ಸಂಗ್ರಹಗಳಲ್ಲಿ ಇಂಥವು ಬಹಳ.

ರೆಪ್ಲಿಕಾ ಎಂಬ ಪದ ಇದೆಯಾ ನೋಡಿ. ನಕಲು ಇಟ್ಟಿದ್ದರೆ ಸಿಟ್ಟಾಗುವ ಕಾರಣ ಇಲ್ಲ. ಚೀನಾ ಸರ್ಕಾರ 2002ರಲ್ಲಿ 64 ವಸ್ತುಗಳ ಪಟ್ಟಿ ಮಾಡಿ ಇವನ್ನು ದೇಶದ ಹೊರಗೆ ಪ್ರದರ್ಶನಕ್ಕೆ ಕಳಿಸುವಂತಿಲ್ಲ ಅಂತ ನಿಯಮ ಮಾಡಿತು. ಮೇಲೆ ಹೇಳಿದ ದೀಪದ ಹುಡುಗಿ ಆ ಪಟ್ಟಿಯಲ್ಲಿದ್ದಾಳೆ. ಹೊರದೇಶದಲ್ಲಿ ಅವಳನ್ನು ಕಂಡರೆ ನಕಲು ಅಂತಲೇ ತಿಳಿಯಿರಿ. ನಕಲಿನಲ್ಲೂ ಹೊಗೆ ಹೋಗುವ ದಾರಿ ನೋಡಬಹುದು, ಅದಕ್ಕೇನೂ ಅಡ್ಡಿ ಇಲ್ಲ.

ಆಡಿಯೋ ಗೈಡ್ ದುಡ್ಡು ಕೊಟ್ಟು ತಗೊಳ್ಳುವುದು ನನ್ನ ಮಟ್ಟಿಗೆ ಬೇಡ. ಅದು ಹೇಳಿದ ಕಡೆಗೆಲ್ಲ ಓಡಬೇಕಾಗುತ್ತದೆ. ಫೋನಿನ ಕ್ಯಾಮೆರಾ ಜೂಮ್ ಮಾಡಿ ಭೂತಗನ್ನಡಿಯ ಹಾಗೆ ಬಳಸಿ, ರವೆ ಕಾಳು, ಬೆಸುಗೆ ಎಲ್ಲ ಕಾಣುತ್ತದೆ. ಫ್ಲ್ಯಾಶ್ ಆರಿಸಿರಿ. ವಸ್ತುವಿನ ಫೋಟೋ ತೆಗೆದ ಕೂಡಲೇ ಅದರ ಲೇಬಲ್ಲಿನ ಫೋಟೋ ತೆಗೆಯಿರಿ, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವುದು ಯಾವುದೆಂದೇ ಗೊತ್ತಾಗುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಬಾಗಿಲಲ್ಲೇ ಗಾಲಿಕುರ್ಚಿ ಕೇಳಿ, ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಸಾಮಾನ್ಯವಾಗಿ ಕೊಡುತ್ತಾರೆ.

ಎಲ್ಲಿಗೂ ಹೋಗಲಾಗದಿದ್ದರೆ

ಹತ್ತಿರದಲ್ಲಿ ಇರುವುದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ, ಶುಕ್ರವಾರ ರಜೆ. ಅಲ್ಲಿ ಚೀನಾದ ಪಿಂಗಾಣಿ, ಜೇಡ್ ಚೆನ್ನಾಗಿದೆ. ಹುಲ್ಲುಗಾವಲಿನ ಬಂಗಾರಕ್ಕೆ ಅಂತ ಮಾತ್ರ ಅಲ್ಲಿಗೆ ಹೋಗಬೇಡಿ. ದಿಲ್ಲಿಯ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಸೋಮವಾರ ರಜೆ. ಅವರ ಸಂಗ್ರಹದಲ್ಲಿ ಪುರಾತತ್ವ ಶೋಧಕ ಆರೆಲ್ ಸ್ಟೈನ್ 1900ರಿಂದ 1916ರ ನಡುವೆ ಮಧ್ಯ ಏಷ್ಯಾ, ದುನ್‌ಹುವಾಂಗ್ ಕಡೆಯಿಂದ ತಂದ ರೇಷ್ಮೆ ಚಿತ್ರ, ಸಾಮಾನು ಇವೆ. ಅದು ಗಾನ್ಸು ದಾರಿ, ನಮ್ಮ ವಿಷಯಕ್ಕೆ ಹತ್ತಿರ.

ಇಲ್ಲವಾದರೆ ಫೋನೇ ಸಾಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನ ಲಕ್ಷಗಟ್ಟಲೆ ಫೋಟೋಗಳನ್ನು ಪುಕ್ಕಟೆ ಬಿಟ್ಟಿದೆ, ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 2019ರಿಂದ. ಅವರ ತಾಣಗಳ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಓರ್ಡೋಸ್, ಶಿಯೋಂಗ್ನು, ಲಿಯಾವ್, ಬೆಲ್ಟ್ ಪ್ಲಾಕ್ ಅಂತ ಒಂದೊಂದಾಗಿ ಹಾಕಿ. ಶಿಯೋಂಗ್ನು ಹೆಸರು ಇಂಗ್ಲಿಷಿನಲ್ಲಿ ಎಕ್ಸ್ ಅಕ್ಷರದಿಂದ ಶುರುವಾಗುತ್ತದೆ, ಎಸ್ ಹಾಕಿದರೆ ಸಿಗುವುದಿಲ್ಲ. ಒಂದೇ ವಸ್ತುವಿಗೆ ಹಿಂದೆ ಮುಂದೆ ಎರಡೂ ಫೋಟೋ ಇರುವುದನ್ನು ಆರಿಸಿಕೊಳ್ಳಿ. ಮೆಟ್ರೊಪಾಲಿಟನ್‌ನವರು ತಮ್ಮ ಹಳೇ ಪ್ರದರ್ಶನಗಳ ಕ್ಯಾಟಲಾಗುಗಳನ್ನೂ ಪುಕ್ಕಟೆ ಡೌನ್‌ಲೋಡಿಗೆ ಇಟ್ಟಿದ್ದಾರೆ, ಅಂಗಡಿಯಲ್ಲಿ ಕೊಂಡರೆ ಅವೇ ಪುಸ್ತಕಗಳು ಸಾವಿರಾರು ರೂಪಾಯಿ. ಫೈಲು ದೊಡ್ಡದಿರುತ್ತದೆ, ಮೊಬೈಲ್ ಡೇಟಾದಲ್ಲಿ ಇಳಿಸಲು ಹೋಗಬೇಡಿ, ವೈಫೈ ಇದ್ದ ಕಡೆ ಹಚ್ಚಿ ಬಿಡಿ.